ಹಿತ್ತಲ ಹುಳುಗಳ ಮ್ಯಾಕ್ರೋ ಚಿತ್ರ: ಸ್ಕೇಲಿನ ಅಳತೆಯಿಂದ ಸ್ಟ್ಯಾಕಿಂಗ್‌ವರೆಗೆ

ಮ್ಯಾಕ್ರೋ ಎಂದರೆ ಪುಟ್ಟದ್ದನ್ನು ತುಂಬ ಹತ್ತಿರದಿಂದ ದೊಡ್ಡದಾಗಿ ತೆಗೆಯುವುದು. ನಿಮ್ಮ ಲೆನ್ಸ್ ಎಷ್ಟು ದೊಡ್ಡದಾಗಿಸುತ್ತದೆ ಎಂದು ತಿಳಿಯಲು ಮೊದಲು ಒಂದು ಸ್ಟೀಲ್ ಸ್ಕೇಲನ್ನು ಮೇಜಿನ ಮೇಲಿಡಿ. ಕೈಯಲ್ಲಿರುವ ಲೆನ್ಸಿಗೆ ಎಷ್ಟು ಹತ್ತಿರದಿಂದ ಫೋಕಸ್ ಸಿಗುತ್ತದೋ ಅಷ್ಟು ಹತ್ತಿರದಿಂದ ಅದರ ಚಿತ್ರ ತೆಗೆಯಿರಿ. ಚಿತ್ರದ ಎಡ ಅಂಚಿನಿಂದ ಬಲ ಅಂಚಿನವರೆಗೆ ಎಷ್ಟು ಮಿಲಿಮೀಟರ್ ಕಾಣುತ್ತದೆ ಎಂದು ಎಣಿಸಿ. ಸೆನ್ಸರ್ ಎಂದರೆ ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ. ಎಪಿಎಸ್-ಸಿ ಎಂಬ ಅಳತೆಯ ಸೆನ್ಸರಿನ ಅಗಲ ಸುಮಾರು 23.5 ಮಿ.ಮೀ., ಕ್ಯಾನನ್‌ನಲ್ಲಾದರೆ 22.3, ಫುಲ್ ಫ್ರೇಮ್‌ನಲ್ಲಿ 36. ಸೆನ್ಸರಿನ ಅಗಲವನ್ನು ನೀವು ಎಣಿಸಿದ ಸಂಖ್ಯೆಯಿಂದ ಭಾಗಿಸಿದರೆ ನಿಮ್ಮ ವರ್ಧನೆ ಸಿಗುತ್ತದೆ. 23.5ರ ಸೆನ್ಸರಿನಲ್ಲಿ 47 ಮಿ.ಮೀ. ಕಂಡರೆ 0.5, ಅಂದರೆ ಅರ್ಧದಷ್ಟು. 23.5 ಮಿ.ಮೀ. ಕಂಡರೆ 1:1, ಅಂದರೆ ಹುಳು ನಿಜದಲ್ಲಿ ಎಷ್ಟು ದೊಡ್ಡದೋ ಸೆನ್ಸರಿನ ಮೇಲೂ ಅಷ್ಟೇ ದೊಡ್ಡದಾಗಿ ಮೂಡುತ್ತದೆ.

ಕ್ಯಾಮೆರಾ ಜೊತೆ ಬರುವ 18-55 ಲೆನ್ಸಿನಲ್ಲಿ ಇದು 0.3ರ ಆಸುಪಾಸು ನಿಲ್ಲುತ್ತದೆ. ಚಿಟ್ಟೆಗೆ ಅಷ್ಟು ಸಾಕು. ಮಿಡತೆ, ಸೂರ್ಯನ ಕುದುರೆ, ಜೇನುನೊಣಗಳಿಗೆ 0.5ರಿಂದ 1 ಬೇಕು. ಗುಲಗಂಜಿ ಹುಳು ಬರೀ 5ರಿಂದ 7 ಮಿ.ಮೀ. ಉದ್ದ, ಅದಕ್ಕೂ ನೆಗೆಯುವ ಜೇಡಕ್ಕೂ 1ರಿಂದ 2. (ಜೇಡ ಕೀಟವಲ್ಲ, ಎಂಟು ಕಾಲಿನ ಬೇರೆಯೇ ಬಳಗ. ಆದರೆ ಮ್ಯಾಕ್ರೋ ಹಿಡಿದವರು ಯಾರೂ ಅದನ್ನು ಬಿಟ್ಟಿಲ್ಲ.) ಸಸ್ಯಹೇನು 2 ಮಿ.ಮೀ. ಇರುವುದರಿಂದ 2ಕ್ಕಿಂತ ಕೆಳಗೆ ಅದರ ಮುಖ ಕಾಣುವುದಿಲ್ಲ. ಯಾವ ಹುಳು ಬೇಕು ಎಂದು ತೀರ್ಮಾನಿಸಿಕೊಂಡೇ ಸಾಮಾನು ಕೊಳ್ಳಿ.

ಹತ್ತಿರ ಹೋಗುವ ದಾರಿಗಳು

ಎಕ್ಸ್‌ಟೆನ್ಷನ್ ಟ್ಯೂಬ್ ಎಂದರೆ ಲೆನ್ಸಿಗೂ ಕ್ಯಾಮೆರಾಗೂ ನಡುವೆ ಕೂರುವ ಟೊಳ್ಳು ಕೊಳವೆ, ಒಳಗೆ ಗಾಜಿಲ್ಲ. ಕೊಳವೆಯ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಸಂಖ್ಯೆ) ಭಾಗಿಸಿದಷ್ಟು ವರ್ಧನೆ ಹೆಚ್ಚುತ್ತದೆ. ಸಾಮಾನ್ಯವಾಗಿ ಸಿಗುವ 12, 20, 36 ಮಿ.ಮೀ.ಗಳ ಸೆಟ್ಟನ್ನು ಪೂರ್ತಿ ಜೋಡಿಸಿದರೆ 68 ಮಿ.ಮೀ.; 50 ಮಿ.ಮೀ. ಲೆನ್ಸಿನ ಹಿಂದೆ ಹಾಕಿದರೆ 1.36. ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಕೆಲವೇ ನೂರು ರೂಪಾಯಿಗೆ ಸಿಗುವ ತಿರುಪಿನ ಲೋಹದ ಟ್ಯೂಬ್‌ಗಳಲ್ಲಿ ವಿದ್ಯುತ್ ಸಂಪರ್ಕದ ಪಿನ್‌ಗಳಿರುವುದಿಲ್ಲ. ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಕ್ಯಾಮೆರಾದಿಂದಲೇ ನಡೆಸುವ ಈಗಿನ ಲೆನ್ಸುಗಳು ಅಂಥ ಟ್ಯೂಬ್ ಮೇಲೆ ಪೂರ್ತಿ ತೆರೆದುಕೊಂಡೇ ಉಳಿಯುತ್ತವೆ, ಇಲ್ಲವೇ ಕೆಲವು ಪೂರ್ತಿ ಮುಚ್ಚಿಕೊಳ್ಳುತ್ತವೆ. ಪಿನ್ ಇರುವ ಸೆಟ್ಟನ್ನೇ ಕೊಳ್ಳಿ.

ಲೆನ್ಸ್ ತಿರುಗಿಸಿ ಹಾಕುವುದು ಎಲ್ಲಕ್ಕಿಂತ ಅಗ್ಗ. ಲೆನ್ಸಿನ ಫಿಲ್ಟರ್ ಅಳತೆಯ ರಿವರ್ಸ್ ರಿಂಗ್ ಒಂದಿದ್ದರೆ 50 ಮಿ.ಮೀ. ಲೆನ್ಸ್ ಹೆಚ್ಚುಕಡಿಮೆ 1:1 ಕೊಡುತ್ತದೆ, 28 ಮಿ.ಮೀ. ಸುಮಾರು 2. ಅಪರ್ಚರ್ ಉಂಗುರವಿರುವ ಹಳೆಯ ಲೆನ್ಸ್ ಇದಕ್ಕೆ ಹೇಳಿ ಮಾಡಿಸಿದ್ದು. ಕ್ಯಾನನ್ ಡಿಎಸ್‌ಎಲ್‌ಆರ್ ಇದ್ದರೆ ಎಫ್/8 ಇಟ್ಟು, ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿ ಒತ್ತಿಹಿಡಿದುಕೊಂಡೇ ಲೆನ್ಸ್ ಕಳಚಿದರೆ ಅಪರ್ಚರಿನ ಎಲೆಗಳು ಎಫ್/8ರಲ್ಲೇ ನಿಂತುಬಿಡುತ್ತವೆ. ತೊಂದರೆ ಎಂದರೆ, ಒಳಗಿರಬೇಕಾದ ಹಿಂಬದಿ ಗಾಜು ಧೂಳಿಗೂ ಕೊಂಬೆಗೂ ಮುಖಕೊಟ್ಟು ನಿಲ್ಲುತ್ತದೆ.

ಕ್ಲೋಸ್-ಅಪ್ ಲೆನ್ಸ್ ನಿಮ್ಮ ಜೂಮ್ ಲೆನ್ಸಿನ ಮುಂದೆ ಕನ್ನಡಕದಂತೆ ಕೂರುತ್ತದೆ. ರೇನಾಕ್ಸ್ ಡಿಸಿಆರ್-250 ಇದರಲ್ಲಿ ಹೆಸರಾದದ್ದು: ಶಕ್ತಿ 8 ಡಯಾಪ್ಟರ್, ಅಂದರೆ 125 ಮಿ.ಮೀ. ಫೋಕಲ್ ಲೆಂತ್. ಮುಖ್ಯ ಲೆನ್ಸಿನ ಫೋಕಲ್ ಲೆಂತನ್ನು 125ರಿಂದ ಭಾಗಿಸಿ. 55-250 ಜೂಮನ್ನು 250ಕ್ಕೆ ಎಳೆದರೆ 2, ಅರ್ಧಕ್ಕೆ ತಂದರೆ 1. ಹುಳುವಿಗೂ ಗಾಜಿಗೂ ನಡುವೆ ಸುಮಾರು 12 ಸೆಂ.ಮೀ. ಉಳಿಯುತ್ತದೆ. 4.8 ಡಯಾಪ್ಟರಿನ ಡಿಸಿಆರ್-150 ಅಷ್ಟು ದೊಡ್ಡದಾಗಿಸುವುದಿಲ್ಲ, ಆದರೆ 20 ಸೆಂ.ಮೀ. ದೂರದಿಂದ ಕೆಲಸ ಮಾಡುತ್ತದೆ. ಹೊಸಬರಿಗೆ 250ಕ್ಕಿಂತ 150 ಒಳ್ಳೆಯದು: ಹುಳುವನ್ನು ವ್ಯೂಫೈಂಡರಿನಲ್ಲಿ ಹುಡುಕುವುದೇ 2ರಷ್ಟು ವರ್ಧನೆಯಲ್ಲಿ ದೊಡ್ಡ ಸಾಹಸ. ಪೊಟ್ಟಣದಲ್ಲಿ ನಾಲ್ಕು ಬರುವ, ಒಂದೇ ಗಾಜಿನ ಅಗ್ಗದ ಫಿಲ್ಟರ್‌ಗಳು ಅಂಚಿನಲ್ಲಿ ನೇರಳೆ, ಹಸಿರು ಬಣ್ಣ ಸುರಿಯುತ್ತವೆ. ಅವು ಬೇಡ.

ನಿಜವಾದ ಮ್ಯಾಕ್ರೋ ಲೆನ್ಸ್ ಕೊಳ್ಳುವವರು 90ರಿಂದ 105 ಮಿ.ಮೀ. ನೋಡಿ. ಆ ವರ್ಗದಲ್ಲಿ 1:1ರಲ್ಲೂ ಲೆನ್ಸಿನ ಮುಂದೆ 13 ಸೆಂ.ಮೀ. ಆಸುಪಾಸು ಜಾಗ ಇರುತ್ತದೆ. 40 ಮಿ.ಮೀ. ಮ್ಯಾಕ್ರೋದಲ್ಲಿ 4 ಸೆಂ.ಮೀ. ಕೂಡ ಸಿಗುವುದಿಲ್ಲ, ಲೆನ್ಸಿನ ನೆರಳೇ ಹುಳುವಿನ ಮೇಲೆ ಬೀಳುತ್ತದೆ, ಹುಳು ಹಾರುತ್ತದೆ.

ಮೊಬೈಲ್‌ನವರಿಗೆ ಒಂದೇ ಮಾತು: 2 ಮೆಗಾಪಿಕ್ಸೆಲ್‌ನ ‘ಮ್ಯಾಕ್ರೋ ಕ್ಯಾಮೆರಾ’ ಲೆಕ್ಕಕ್ಕಿಲ್ಲ. ಮುಖ್ಯ ಕ್ಯಾಮೆರಾದ ಮೇಲೆ ಕ್ಲಿಪ್ ಲೆನ್ಸ್ ಸಿಕ್ಕಿಸಿ.

ಫೋಕಸ್ ಎಷ್ಟು ತೆಳು

ಎಪಿಎಸ್-ಸಿ ಕ್ಯಾಮೆರಾದಲ್ಲಿ ಎಫ್/11 ಇಟ್ಟರೆ, ಅರ್ಧ ವರ್ಧನೆಯಲ್ಲಿ ಸುಮಾರು 2.6 ಮಿ.ಮೀ. ಆಳ ಚೂಪಾಗಿ ಕಾಣುತ್ತದೆ. 1:1ರಲ್ಲಿ ಅದು 0.9 ಮಿ.ಮೀ.ಗೆ ಇಳಿಯುತ್ತದೆ, 2ರಲ್ಲಿ 0.3ಕ್ಕೆ. ಜೇನಿನ ಕಣ್ಣಿನಿಂದ ಅದರ ಮೀಸೆಯ ಬುಡದವರೆಗೂ 0.3 ಸಾಲದು.

ಹಾಗಾದರೆ ಎಫ್/22 ಇಡೋಣ ಅನ್ನಿಸುತ್ತದೆ. ಇಡಬೇಡಿ. ಹತ್ತಿರ ಹೋದಂತೆ ನಿಜವಾದ ಅಪರ್ಚರ್ ಬರೆದಿರುವ ಸಂಖ್ಯೆಗಿಂತ ಸಣ್ಣದಾಗುತ್ತದೆ: ವರ್ಧನೆಗೆ ಒಂದು ಕೂಡಿಸಿ, ಬಂದದ್ದರಿಂದ ಬರೆದ ಸಂಖ್ಯೆಯನ್ನು ಗುಣಿಸಬೇಕು. 1:1ರಲ್ಲಿ ಎಫ್/11 ಎಂದರೆ ನಿಜಕ್ಕೂ ಎಫ್/22, ಎಫ್/16 ಎಂದರೆ ಎಫ್/32. ಅಲ್ಲಿ ಡಿಫ್ರಾಕ್ಷನ್‌ನಿಂದ, ಅಂದರೆ ಸಣ್ಣ ಕಿಂಡಿಯಲ್ಲಿ ಬೆಳಕು ಬಾಗಿ ಹರಡುವುದರಿಂದ, ಚಿತ್ರ ಪೂರ್ತಿ ಮಂಕಾಗುತ್ತದೆ. ಆಳ ಸಿಕ್ಕಿತು, ಚೂಪು ಹೋಯಿತು. ನಿಕಾನ್ ಕ್ಯಾಮೆರಾಗಳು ತಮ್ಮದೇ ಮ್ಯಾಕ್ರೋ ಲೆನ್ಸ್ ಹಾಕಿದಾಗ ಈ ಬದಲಾದ ಸಂಖ್ಯೆಯನ್ನೇ ತೋರಿಸುತ್ತವೆ, ಕ್ಯಾನನ್ ಬರೆದ ಸಂಖ್ಯೆಯನ್ನಷ್ಟೇ ತೋರಿಸುತ್ತದೆ. ಹಾಗಾಗಿ ಇಬ್ಬರು ಗೆಳೆಯರು ‘ನಾನು ಎಫ್/16ರಲ್ಲಿ ತೆಗೆದೆ’ ಎಂದರೆ ಇಬ್ಬರೂ ಒಂದೇ ಮಾತು ಹೇಳುತ್ತಿಲ್ಲದಿರಬಹುದು.

ಮ್ಯಾಕ್ರೋ ಲೆನ್ಸ್ ಅಥವಾ ಟ್ಯೂಬ್ ಇದ್ದರೆ 1:1ರಲ್ಲಿ ಎಫ್/8ರಿಂದ ಎಫ್/11, 2ರಲ್ಲಿ ಎಫ್/5.6ರಿಂದ ಎಫ್/8. ರೇನಾಕ್ಸ್ ಮಾದರಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಲೆನ್ಸ್ ಸೆನ್ಸರಿನಿಂದ ದೂರ ಸರಿಯುವುದಿಲ್ಲ, ಆದ್ದರಿಂದ ಬರೆದ ಅಪರ್ಚರ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅದೇ ಆಳಕ್ಕೆ ಎಫ್/16, ಎಫ್/22 ಇಡಬೇಕಾಗುತ್ತದೆ, ಇಟ್ಟರೆ ತಪ್ಪೂ ಇಲ್ಲ.

ಫ್ಲ್ಯಾಶ್ ಮತ್ತು ಡಿಫ್ಯೂಸರ್

ಲೆನ್ಸಿಗೆ ಹಣ ಸುರಿದು ಬೆಳಕಿನಲ್ಲಿ ಜಿಪುಣತನ ಮಾಡುವುದೇ ಹೆಚ್ಚಿನ ಮ್ಯಾಕ್ರೋ ಚಿತ್ರಗಳು ಕೆಡಲು ಕಾರಣ. ನಿಜವಾದ ಅಪರ್ಚರ್ ಎಫ್/22 ಆದಾಗ ಬೆಳಗಿನ ಬೆಳಕು ಏನೇನೂ ಸಾಲದು. ಎಲೆ ಅಲುಗುತ್ತದೆ, ಕೈ ನಡುಗುತ್ತದೆ, ವರ್ಧನೆ ಎರಡನ್ನೂ ದೊಡ್ಡದು ಮಾಡುತ್ತದೆ. ಫ್ಲ್ಯಾಶ್ ಇದನ್ನು ಶಟರಿನಿಂದಲ್ಲ, ತನ್ನ ಮಿಂಚಿನ ಕಿರು ಅವಧಿಯಿಂದ ನಿಲ್ಲಿಸುತ್ತದೆ. ಶಕ್ತಿ ಇಳಿಸಿದಷ್ಟೂ ಮಿಂಚು ಚಿಕ್ಕದಾಗುತ್ತದೆ: ಪೂರ್ಣ ಶಕ್ತಿಯಲ್ಲಿ ಸೆಕೆಂಡಿನ ಕೆಲವು ನೂರರಲ್ಲೊಂದು ಭಾಗವಿದ್ದದ್ದು 1/16 ಶಕ್ತಿಯಲ್ಲಿ ಹಲವು ಸಾವಿರದಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಫ್ಲ್ಯಾಶ್ 1/8ಕ್ಕಿಂತ ಮೇಲೆ ಹೋಗದಂತೆ ನೋಡಿಕೊಳ್ಳಿ. ಹೈಸ್ಪೀಡ್ ಸಿಂಕ್ ಆಫ್ ಮಾಡಿಡಿ. ಅದು ಒಂದೇ ಮಿಂಚನ್ನು ಸಾಲು ಮಿಂಚಾಗಿ ಎಳೆಯುತ್ತದೆ, ಚಲನೆ ನಿಲ್ಲಿಸುವ ಗುಣ ಹೋಗುತ್ತದೆ.

ಬರಿಯ ಫ್ಲ್ಯಾಶ್ ಹುಳುವಿನ ಬೆನ್ನ ಮೇಲೆ ಬಿಳಿ ಚುಕ್ಕೆ ಸುಡುತ್ತದೆ. ದುಂಬಿ, ಗುಲಗಂಜಿ ಹುಳುಗಳ ರೆಕ್ಕೆಗವಚ ಕನ್ನಡಿಯಂತೆ ಹೊಳೆಯುವುದರಿಂದ ನಿಮ್ಮ ದೀಪದ ಆಕಾರವೇ ಅಲ್ಲಿ ಕಾಣುತ್ತದೆ. ಹುಳುವಿನ ಕಣ್ಣಿಗೆ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೋ ಬೆಳಕು ಅಷ್ಟು ಮೃದು. ಬೆಳಕನ್ನು ಹೀಗೆ ಹರಡುವ ಡಿಫ್ಯೂಸರನ್ನು ಮನೆಯಲ್ಲೇ ಒಂದು ಗಂಟೆಯಲ್ಲಿ ಮಾಡಬಹುದು.

ಬೇಕಾದದ್ದು: ಎ3 ಅಳತೆಯ ದಪ್ಪ ಕಪ್ಪು ಡ್ರಾಯಿಂಗ್ ಕಾರ್ಡ್ ಎರಡು, ಟಿವಿ ಪ್ಯಾಕಿಂಗಿನಲ್ಲಿ ಬರುವ 1 ಮಿ.ಮೀ. ದಪ್ಪದ ಬಿಳಿ ಫೋಮ್ ಹಾಳೆ 30×25 ಸೆಂ.ಮೀ., ಎ4 ಟ್ರೇಸಿಂಗ್ ಪೇಪರ್ ಒಂದು, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಎರಡು ಬದಿ ಅಂಟುವ ಟೇಪ್, 30 ಸೆಂ.ಮೀ. ವೆಲ್ಕ್ರೋ ಪಟ್ಟಿ.

1. ಫ್ಲ್ಯಾಶ್ ತಲೆಯ ಅಗಲ, ಎತ್ತರ ಅಳೆಯಿರಿ. ಅದೇ ಅಳತೆಯ ಸಣ್ಣ ಬಾಯಿ, 20×12 ಸೆಂ.ಮೀ. ದೊಡ್ಡ ಬಾಯಿ ಇರುವಂತೆ ನಾಲ್ಕು ಹಾಳೆ ಕತ್ತರಿಸಿ ಆಲಿಕೆಯ ಹಾಗೆ ಜೋಡಿಸಿ. ಉದ್ದ 15ರಿಂದ 18 ಸೆಂ.ಮೀ.; ಫ್ಲ್ಯಾಶಿನಿಂದ ಲೆನ್ಸಿನ ತುದಿಯವರೆಗೆ ಬರಬೇಕು.
2. ಫಾಯಿಲನ್ನು ಒಮ್ಮೆ ಮುದುಡಿ, ಬಿಡಿಸಿ, ಒಳಮೈಗೆ ಅಂಟಿಸಿ. ಸುಕ್ಕು ಬೆಳಕನ್ನು ಚದುರಿಸುತ್ತದೆ.
3. ಫ್ಲ್ಯಾಶಿನಿಂದ 6 ಸೆಂ.ಮೀ. ಮುಂದೆ, ಆಲಿಕೆಯ ಒಳಗೆ ಟ್ರೇಸಿಂಗ್ ಪೇಪರ್ ಅಡ್ಡ ಕಟ್ಟಿ. ನಡುವಿನ ಉರಿಚುಕ್ಕೆಯನ್ನು ಇದೇ ಹರಡುವುದು. ಈ ಪದರ ಬಿಟ್ಟವರ ಡಿಫ್ಯೂಸರ್ ಎಷ್ಟೇ ದೊಡ್ಡದಿದ್ದರೂ ಕೆಲಸ ಮಾಡುವುದಿಲ್ಲ.
4. ದೊಡ್ಡ ಬಾಯಿಗೆ ಫೋಮ್ ಹಾಳೆಯನ್ನು ಬಿಗಿಯಾಗಿ ಎಳೆಯದೆ, ಹೊಟ್ಟೆ ಉಬ್ಬಿದಂತೆ ಬಾಗಿಸಿ ಅಂಟಿಸಿ. ಅದರ ಕೆಳ ಅಂಚು ಲೆನ್ಸಿನ ಮುಂಬಾಯಿಗೆ ತಾಗಿ, ಬೆರಳಗಲ ಮುಂದೆ ಚಾಚಲಿ.
5. ವೆಲ್ಕ್ರೋದಿಂದ ಫ್ಲ್ಯಾಶಿಗೆ ಬಿಗಿಯಿರಿ.

ಪರೀಕ್ಷೆಗೆ ಹುಳು ಬೇಡ, ಕರಿಮಣಿ ಸಾಕು. ಒಂದು ಮಣಿಯನ್ನು ಎಲೆಯ ಮೇಲಿಟ್ಟು 1:1ರಲ್ಲಿ ತೆಗೆಯಿರಿ. ಮಣಿಯ ಮೇಲೆ ಅಗಲವಾದ, ಸಮನಾದ ಬಿಳಿ ಪಟ್ಟಿ ಕಂಡರೆ ಗೆದ್ದಿರಿ. ಪಟ್ಟಿಯ ನಡುವೆ ಇನ್ನೂ ಬೆಳ್ಳನೆಯ ಚುಕ್ಕೆ ಇದ್ದರೆ ಟ್ರೇಸಿಂಗ್ ಪೇಪರನ್ನು ಎರಡು ಪದರ ಮಾಡಿ. ಚೂಪು ಅಂಚಿನ ಪುಟ್ಟ ಚೌಕ ಕಂಡರೆ ಡಿಫ್ಯೂಸರ್ ಹುಳುವಿನಿಂದ ದೂರವಿದೆ, ಮುಂದಕ್ಕೆ ಬಾಗಿಸಿ. ಪದರಗಳು ಬೆಳಕನ್ನು ಎರಡು ಸ್ಟಾಪ್‌ನಷ್ಟು, ಅಂದರೆ ನಾಲ್ಕನೇ ಒಂದು ಭಾಗವಷ್ಟೇ ಉಳಿಯುವಷ್ಟು, ನುಂಗಬಹುದು. ಅದನ್ನು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಿ ತುಂಬಿಕೊಳ್ಳಿ.

ಆರಂಭದ ಸೆಟ್ಟಿಂಗ್

ಕ್ಯಾಮೆರಾ ಮ್ಯಾನುಯಲ್, ಫ್ಲ್ಯಾಶ್ ಮ್ಯಾನುಯಲ್, ಫೋಕಸ್ ಮ್ಯಾನುಯಲ್. ಐಎಸ್‌ಒ 200, ಶಟರ್ 1/200 ಅಥವಾ ನಿಮ್ಮ ಕ್ಯಾಮೆರಾದ ಸಿಂಕ್ ವೇಗ (ಫ್ಲ್ಯಾಶ್ ಜೊತೆ ನಡೆಯುವ ಅತಿ ವೇಗದ ಶಟರ್), ಎಫ್/11, ಫ್ಲ್ಯಾಶ್ 1/16. ಕತ್ತಲಾದರೆ ಮೊದಲು ಫ್ಲ್ಯಾಶ್ 1/8, ಆಮೇಲೆ ಐಎಸ್‌ಒ 400. ರಾ ಫೈಲ್‌ನಲ್ಲೇ ತೆಗೆಯಿರಿ.

ಇದರಲ್ಲಿ ಹುಳು ಚೆನ್ನಾಗಿ ಬಂದು ಹಿನ್ನೆಲೆ ಕಗ್ಗತ್ತಲಾಗುತ್ತದೆ. ಫ್ಲ್ಯಾಶಿನ ಬೆಳಕು ಎರಡರಷ್ಟು ದೂರದಲ್ಲಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುವುದೇ ಕಾರಣ; ಹಗಲು ತೆಗೆದದ್ದೂ ನಡುರಾತ್ರಿಯಂತೆ ಕಾಣುತ್ತದೆ. ಸುಲಭ ಪರಿಹಾರ, ಹುಳುವಿನ ಹಿಂದೆ ಒಂದು ಗೇಣಿನೊಳಗೆ ಎಲೆಯೋ ಹೂವೋ ಬರುವಂಥ ಕೋನ ಹುಡುಕುವುದು. ಇನ್ನೊಂದು, ಶಟರ್ 1/80, ಐಎಸ್‌ಒ 800ಕ್ಕೆ ಹೋಗಿ ಸುತ್ತಲಿನ ಬೆಳಕನ್ನೂ ಒಳಗೆ ಬಿಡುವುದು. ಎರಡನೆಯದನ್ನು ಬಿಸಿಲಲ್ಲಿ ಮಾಡಬೇಡಿ. ಹುಳು ಅಲುಗಿದರೆ ಫ್ಲ್ಯಾಶಿನದೊಂದು, ಬಿಸಿಲಿನದೊಂದು ಎಂದು ಎರಡು ಅಂಚು ಮೂಡುತ್ತವೆ.

ಬ್ಯಾಟರಿಗೆ ಸಾದಾ ಅಲ್ಕಲೈನ್‌ಗಿಂತ ಮರುಚಾರ್ಜಿನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಒಳ್ಳೆಯದು. ಫ್ಲ್ಯಾಶ್ ಬೇಗ ಸಿದ್ಧವಾಗುತ್ತದೆ.

ಯಾವ ಗಿಡ, ಯಾವ ಹೊತ್ತು

ಹುಳು ಹುಡುಕಬೇಡಿ, ಗಿಡ ಹುಡುಕಿ. ಕರ್ನಾಟಕದ ಯಾವ ಊರಲ್ಲೂ ಎಕ್ಕದ ಗಿಡಕ್ಕೆ ಬರವಿಲ್ಲ, ಹೊಸಬರಿಗೆ ಅದಕ್ಕಿಂತ ಒಳ್ಳೆಯ ಶಾಲೆಯೂ ಇಲ್ಲ. ಮೊಗ್ಗಿನ ಗೊಂಚಲಲ್ಲಿ ಹಳದಿ ಸಸ್ಯಹೇನುಗಳು, ಅವನ್ನು ತಿನ್ನಲು ಗುಲಗಂಜಿ ಹುಳು ಮತ್ತು ಅದರ ಮರಿ, ಎಲೆಯಡಿ ಕಪ್ಪು-ಹಳದಿ-ಬಿಳಿ ಪಟ್ಟೆಯ ಪ್ಲೇನ್ ಟೈಗರ್ ಚಿಟ್ಟೆಯ ಹುಳು, ಕಾಂಡದ ಮೇಲೆ ಬಣ್ಣಬಣ್ಣದ ಎಕ್ಕದ ಮಿಡತೆ. ಈ ಮಿಡತೆ ನಿಧಾನಿ, ಓಡಿಹೋಗುವ ಆತುರ ಅದಕ್ಕಿಲ್ಲ. ಮುಟ್ಟಿದರೆ ಮಾತ್ರ ಅದರ ಮರಿ ವಿಷದ ರಸ ಚಿಮ್ಮಿಸುತ್ತದೆ. ಕಣ್ಣಿಗೂ ಲೆನ್ಸಿಗೂ ಒಳ್ಳೆಯದಲ್ಲ. ಎಕ್ಕದ ಹಾಲು ಕೂಡ ಕಣ್ಣಿಗೆ ಅಪಾಯ, ಎಲೆ ಮುರಿದ ಕೈ ತೊಳೆಯದೆ ವ್ಯೂಫೈಂಡರಿಗೆ ಬಾಗಬೇಡಿ.

ಕರಿಬೇವು, ನಿಂಬೆ ಗಿಡದಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುವ ಪುಟ್ಟ ಹುಳು ಕಂಡರೆ ಅದು ಸ್ವಾಲೋಟೇಲ್ ಬಳಗದ ಚಿಟ್ಟೆಯ ಮರಿ, ದೊಡ್ಡದಾದಾಗ ಹಸಿರು. ಕೆಣಕಿದರೆ ತಲೆಯ ಹಿಂದಿನಿಂದ ಕವಲು ಕೊಂಬಿನಂಥ ಅಂಗ ಹೊರಚಾಚಿ ಘಾಟು ಬಿಡುತ್ತದೆ. ಬೆಂಡೆ, ದಾಸವಾಳದಲ್ಲಿ ಕೆಂಪು ಹತ್ತಿ ತಿಗಣೆ. ಹಿಂತುದಿಗೆ ಹಿಂತುದಿ ಅಂಟಿಕೊಂಡ ಜೋಡಿಗಳು ಗಂಟೆಗಟ್ಟಲೆ ಕೂರುತ್ತವೆ. ಅವರೆ, ಅಲಸಂದೆ ಬಳ್ಳಿಯಲ್ಲಿ ಹೇನು ಕಾಯುವ ಇರುವೆಗಳು. ತುಳಸಿ, ಕಾಮಕಸ್ತೂರಿ ಹೂ ಬಿಟ್ಟರೆ ನೀಲಿಪಟ್ಟೆ ಜೇನು ಬರುತ್ತದೆ. ಹಗಲಲ್ಲಿ ಅದರ ಬೆನ್ನು ಹತ್ತುವುದು ದಂಡ. ಸಂಜೆ ಕತ್ತಲಾಗುವಾಗ ಗಂಡುಗಳು ಒಣಕಡ್ಡಿಯನ್ನು ದವಡೆಯಿಂದ ಕಚ್ಚಿ, ಸಾಲಾಗಿ ನೇತು ಮಲಗುತ್ತವೆ. ಒಮ್ಮೆ ಕಡ್ಡಿ ಗೊತ್ತಾದರೆ ಮರುದಿನವೂ ಅಲ್ಲೇ ನೋಡಿ, ಬೆಳಿಗ್ಗೆ 6ಕ್ಕೆ.

ಆ ಹೊತ್ತಿಗೂ ಕಾರಣವಿದೆ. ಕೀಟಗಳ ಮೈಬಿಸಿ ಗಾಳಿಯ ಬಿಸಿಯನ್ನೇ ನಂಬಿದೆ. ತಣ್ಣಗಿರುವಾಗ ಹಾರಲು ಬೇಕಾದ ಸ್ನಾಯುಗಳು ಏಳುವುದಿಲ್ಲ. ಬಯಲುಸೀಮೆಯಲ್ಲಿ ನವೆಂಬರ್‌ನಿಂದ ಜನವರಿಯ ಮುಂಜಾನೆಗಳಲ್ಲಿ ಏರೋಪ್ಲೇನ್ ಚಿಟ್ಟೆ ಇಬ್ಬನಿ ಹೊದ್ದು ಕೂತಿರುತ್ತದೆ, 7.30ರವರೆಗೂ ಕದಲುವುದಿಲ್ಲ. ಸಂಖ್ಯೆಯಲ್ಲಿ ಹುಳುಗಳು ಹೆಚ್ಚು ಸಿಗುವುದು ಮಳೆ ಹಿಡಿದ ಮೇಲೆ. ಕರಾವಳಿಯಲ್ಲಿ ಚಳಿಯನ್ನು ನಂಬಿ ಕೂರುವಂತಿಲ್ಲ. ಅಲ್ಲಿ ರಾತ್ರಿ ಹೋಗಿ.

ರಾತ್ರಿಗೆ ಫ್ಲ್ಯಾಶ್ ಮೇಲೆ ಪುಟ್ಟ ಎಲ್‌ಇಡಿ ಟಾರ್ಚ್ ಕಟ್ಟಿ, ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಹಾಕಿ. ಹೆಚ್ಚಿನ ಕೀಟಗಳಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಗಮ್‌ಬೂಟ್ ಹಾಕಿ, ಕ್ಯಾಮೆರಾಗೆ ಕಣ್ಣು ಕೊಟ್ಟವನಿಗೆ ಕಾಲಡಿ ಹಾವು ಕಾಣುವುದಿಲ್ಲ. ದೀಪಕ್ಕೆ ಬಂದು ಕುತ್ತಿಗೆ ಮೇಲೆ ಕೂರುವ, ಕಪ್ಪು-ಕಿತ್ತಳೆ ಪಟ್ಟೆಯ ಉದ್ದನೆಯ ಪುಟ್ಟ ಪೀಡೆರಸ್ ದುಂಬಿಯನ್ನು ಹೊಡೆದು ಉಜ್ಜಬೇಡಿ, ಊದಿ ಹಾರಿಸಿ. ಅದರ ರಸ ತಾಗಿದಲ್ಲಿ ಮರುದಿನ ಸುಟ್ಟಂತೆ ಬೊಕ್ಕೆ ಏಳುತ್ತದೆ. ಕಂಬಳಿಹುಳದ ಕೊಂಬೆಗೆ ಭುಜ ತಾಗದಿರಲಿ. ಮಲೆನಾಡಿನ ಚಗಳಿ ಇರುವೆಯ ಗೂಡಿರುವ ಕೊಂಬೆಗೆ ಕೈಯೂರಿದರೆ ಏನಾಗುತ್ತದೆ ಎಂದು ಹೇಳಿಕೊಡಬೇಕಿಲ್ಲ.

ಹತ್ತಿರ ಸರಿಯುವುದು, ಫೋಕಸ್ ಹಿಡಿಯುವುದು

ನೆರಳು ಹುಳುವಿನ ಮೇಲೆ ಬೀಳದ ಕಡೆಯಿಂದ, ಬಗ್ಗಿ, ನೇರ ಗೆರೆಯಲ್ಲಿ ಸರಿಯಿರಿ. ಸಂಯುಕ್ತ ಕಣ್ಣು ಅಡ್ಡ ಚಲನೆಯನ್ನು ತಕ್ಷಣ ಹಿಡಿಯುತ್ತದೆ. ದೂರದಿಂದಲೇ ಒಂದು ಚಿತ್ರ ತೆಗೆದಿಡಿ. ಹುಳು ಹಾರಿದರೂ ಗುರುತಿಗೆ ಏನಾದರೂ ಉಳಿಯುತ್ತದೆ, ಫ್ಲ್ಯಾಶಿಗೂ ಅದು ಒಗ್ಗುತ್ತದೆ. ಇರುವೆಗಳ ಮೇಲೆ ಉಸಿರು ಬಿಡಬೇಡಿ, ಇಡೀ ಸಾಲು ಕದಡುತ್ತದೆ.

ಫೋಕಸ್ ಉಂಗುರವನ್ನು ಬೇಕಾದ ವರ್ಧನೆಗೆ ಇಟ್ಟು ಅದನ್ನು ಮರೆತುಬಿಡಿ. ಇನ್ನು ಫೋಕಸ್ ಮಾಡುವುದು ನಿಮ್ಮ ಮೈ: ಮೊಣಕೈ ಪಕ್ಕೆಗೆ ಒತ್ತಿ, ಕೂದಲೆಳೆಯಷ್ಟು ಹಿಂದೆ ಮುಂದೆ ತೂಗುತ್ತಾ ಕಣ್ಣು ಚೂಪಾದ ಕ್ಷಣಕ್ಕೆ ಒತ್ತಿ. ಟ್ರೈಪಾಡ್ ಮನೆಯಲ್ಲಿರಲಿ, ಅದನ್ನು ನಿಲ್ಲಿಸುವಾಗಲೇ ಗಿಡ ಅಲುಗುತ್ತದೆ. ಅದಕ್ಕಿಂತ ಈ ಉಪಾಯ ನೋಡಿ: ಎಡಗೈಯ ಹೆಬ್ಬೆರಳು, ತೋರುಬೆರಳಲ್ಲಿ ಹುಳು ಕೂತ ಕಡ್ಡಿಯ ಬುಡವನ್ನು ಹಗುರಾಗಿ ಹಿಡಿದು, ಅದೇ ಕೈಯ ಮೇಲೆ ಲೆನ್ಸ್ ಊರಿ. ಗಾಳಿ ಬಂದರೆ ಹುಳು, ಕೈ, ಲೆನ್ಸ್ ಮೂರೂ ಒಟ್ಟಿಗೆ ಅಲುಗುತ್ತವೆ, ನಡುವಿನ ಅಂತರ ಬದಲಾಗುವುದಿಲ್ಲ. ಹುಳು ಕಡ್ಡಿ ಹಿಡಿದಾಗ ಎದ್ದರೆ, ನೆಲಕ್ಕೆ ಊರಿದ ಬಿದಿರುಕಡ್ಡಿಗೆ ಬಟ್ಟೆ ಕ್ಲಿಪ್ಪಿನಿಂದ ಗಿಡದ ಕಾಂಡವನ್ನು ಮೊದಲೇ ಸಿಕ್ಕಿಸಿಟ್ಟು ಹತ್ತು ನಿಮಿಷ ಬಿಟ್ಟು ಬನ್ನಿ.

ಕ್ಯಾಮೆರಾ ಹುಳುವಿನ ಕಣ್ಣ ಮಟ್ಟಕ್ಕೆ ಇಳಿಯಲಿ. ಮೇಲಿಂದ ತೆಗೆದ ಬೆನ್ನು ಗುರುತು ಹಿಡಿಯಲು ಬೇಕು, ನೋಡಲು ಸಪ್ಪೆ. ಚಿಟ್ಟೆ ರೆಕ್ಕೆ ಮಡಚಿ ಕೂತರೆ ಸೆನ್ಸರ್ ರೆಕ್ಕೆಗೆ ಸಮಾನಾಂತರವಾಗಿರಬೇಕು, ಇಲ್ಲದಿದ್ದರೆ ಅರ್ಧ ರೆಕ್ಕೆ ಮಸುಕು.

ಹುಳುವನ್ನು ಫ್ರಿಜ್‌ನಲ್ಲಿಟ್ಟು ಜಡಮಾಡಿ, ಅಂಟು ಹಚ್ಚಿ ತೆಗೆಯುವುದು ಕೌಶಲವಲ್ಲ, ಹಿಂಸೆ. ಬಲ್ಲವರಿಗೆ ಚಿತ್ರ ನೋಡಿದರೇ ತಿಳಿಯುತ್ತದೆ: ಕಾಲುಗಳು ಎಲೆಯನ್ನು ಹಿಡಿದಿರುವುದಿಲ್ಲ, ಮೀಸೆ ಜೋತುಬಿದ್ದಿರುತ್ತದೆ.

ಸ್ಟ್ಯಾಕಿಂಗ್

ಮುಖದಿಂದ ಹಿಂದಕ್ಕೆ 4 ಮಿ.ಮೀ. ಉದ್ದದ ಹುಳುವನ್ನು ಪೂರ್ತಿ ಚೂಪಾಗಿ ತೋರಿಸಲು ಒಂದು ಚಿತ್ರ ಸಾಲದು. ಬೇರೆ ಬೇರೆ ಆಳದಲ್ಲಿ ಫೋಕಸ್ ಹಿಡಿದ ಹಲವು ಚಿತ್ರಗಳನ್ನು ಒಂದಾಗಿ ಜೋಡಿಸುವುದೇ ಸ್ಟ್ಯಾಕಿಂಗ್. 1:1ರಲ್ಲಿ ಎಫ್/8 ಇಟ್ಟರೆ ಆಳ 0.64 ಮಿ.ಮೀ.; ಒಂದರ ಮೇಲೊಂದು ಹಾಯಬೇಕಾದ್ದರಿಂದ 0.4 ಮಿ.ಮೀ. ಹೆಜ್ಜೆ ಎಂದರೆ ಹತ್ತು ಚಿತ್ರ. ಮಲಗಿದ ಹುಳುವಿನ ಎದುರು ಫೋಕಸ್ ಮೀಸೆಯ ತುದಿಯಿಂದ ಹಿಂದಕ್ಕೆ ಸರಿಯುವಂತೆ ಕ್ಯಾಮೆರಾವನ್ನು ನಿಧಾನ ಮುಂದಕ್ಕೆ ಒಯ್ಯುತ್ತಾ, ಫ್ಲ್ಯಾಶ್ 1/32ರಲ್ಲಿ, ಹತ್ತರ ಬದಲು ಇಪ್ಪತ್ತು ತೆಗೆಯಿರಿ. ಕೈಯಲ್ಲಿ ಹಿಡಿದಾಗ ಅರ್ಧ ವ್ಯರ್ಥವಾಗುತ್ತವೆ.

ಜೋಡಿಸಲು ಜೆರೀನ್ ಸ್ಟ್ಯಾಕರ್, ಹೆಲಿಕಾನ್ ಫೋಕಸ್ ಹಣ ಕೊಟ್ಟು ಕೊಳ್ಳುವಂಥ ತಂತ್ರಾಂಶಗಳು. ಹ್ಯೂಗಿನ್ ಜೊತೆ ಬರುವ ಎನ್‌ಫ್ಯೂಸ್ ಉಚಿತ. ಜೆರೀನ್‌ನ ಪಿಮ್ಯಾಕ್ಸ್ ವಿಧಾನ ಅಡ್ಡಾದಿಡ್ಡಿ ಹಾಯುವ ರೋಮಗಳನ್ನು ಚೆನ್ನಾಗಿ ಬಿಡಿಸುತ್ತದೆ, ಆದರೆ ನಾಯ್ಸ್, ಅಂದರೆ ಚಿತ್ರದ ಕಾಳುಕಾಳು, ಹೆಚ್ಚಿಸುತ್ತದೆ. ಡಿಮ್ಯಾಪ್ ನುಣುಪಾದ ಕವಚದ ಬಣ್ಣವನ್ನು ಹಾಗೇ ಉಳಿಸುತ್ತದೆ. ಎರಡನ್ನೂ ಮಾಡಿ, ರೋಮವಿರುವಲ್ಲಿ ಮೊದಲನೆಯದನ್ನು ಬಣ್ಣ ಬಳಿದಂತೆ ಸೇರಿಸಿ. ಎರಡೆರಡು ಮೀಸೆ ಮೂಡಿದರೆ ಹುಳು ಮಧ್ಯೆ ಅಲುಗಿದೆ. ಆ ಚಿತ್ರಗಳನ್ನು ತೆಗೆದುಹಾಕಿ ಮತ್ತೆ ಜೋಡಿಸಿ.

ಮನೆಗೆ ಬಂದ ಮೇಲೆ

ಸಣ್ಣ ಅಪರ್ಚರಿನಲ್ಲಿ ಸೆನ್ಸರಿನ ಮೇಲಿನ ಧೂಳೆಲ್ಲ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಒಂದೊಂದಾಗಿ ಒರೆಸಿ, ನಿಜವಾದ ಚುಕ್ಕೆಯನ್ನು, ಉದಾಹರಣೆಗೆ ಗುಲಗಂಜಿ ಹುಳುವಿನದನ್ನು, ಒರೆಸಿಬಿಡಬೇಡಿ. ಶಾರ್ಪನಿಂಗ್ ಕಣ್ಣು, ಮುಖಕ್ಕಷ್ಟೇ. ಮಸುಕಾದ ಹಿನ್ನೆಲೆಗೆ ಹಾಕಿದರೆ ಬರೀ ಕಾಳುಕಾಳು.

ಹುಳುವಿನ ಉದ್ದವನ್ನು ಚಿತ್ರದಿಂದಲೇ ಅಳೆಯಬಹುದು. 23.5 ಮಿ.ಮೀ. ಅಗಲದ ಸೆನ್ಸರಿನಲ್ಲಿ 6000 ಪಿಕ್ಸೆಲ್ ಇದ್ದರೆ 1:1ರಲ್ಲಿ ಒಂದು ಮಿ.ಮೀ.ಗೆ ಸುಮಾರು 255 ಪಿಕ್ಸೆಲ್. ಹುಳು 1500 ಪಿಕ್ಸೆಲ್ ಉದ್ದವಿದ್ದರೆ 5.9 ಮಿ.ಮೀ. ಜೀವಿಗಳ ಗುರುತು ಹಿಡಿಯಲು ನೆರವಾಗುವ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಜಾಲತಾಣಕ್ಕೆ ಹಾಕುವಾಗ ಈ ಅಳತೆ, ಕೂತಿದ್ದ ಗಿಡದ ಹೆಸರು, ಬೆನ್ನು, ಪಕ್ಕ, ಮುಖ ಮೂರೂ ಕೋನದ ಚಿತ್ರ ಕೊಡಿ. ನೊಣ, ಕಣಜಗಳಾದರೆ ರೆಕ್ಕೆಯ ನರಗಳು ಕಾಣುವ ಚಿತ್ರವೂ ಬೇಕು. ಮುಖ ಎಷ್ಟೇ ಚೆಂದ ಬಂದಿದ್ದರೂ ಅವಿಲ್ಲದೆ ಎಷ್ಟೋ ನೊಣಗಳ ಹೆಸರು ಹೇಳಲು ಬರುವುದಿಲ್ಲ.

ಮಳೆಗಾಲದ ಹಿತ್ತಲಿನಿಂದ ಬಂದ ಲೆನ್ಸನ್ನು ಒದ್ದೆ ಚೀಲದಲ್ಲೇ ಬಿಟ್ಟರೆ ಗಾಜಿನೊಳಗೆ ಜೇಡರಬಲೆಯಂತೆ ಬೂಷ್ಟು ಹಬ್ಬುತ್ತದೆ; ಕರಾವಳಿ, ಮಲೆನಾಡಿನಲ್ಲಿ ಇದು ಬೇಗ ಬರುತ್ತದೆ. ಗಾಳಿಯಾಡದ ಅಡುಗೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಒಂದು ಚಿಕ್ಕ ಹೈಗ್ರೋಮೀಟರ್ ಇಟ್ಟು, ತೇವಾಂಶ 40ರಿಂದ 50 ಶೇಕಡಾ ಇರುವಂತೆ ನೋಡಿಕೊಳ್ಳಿ. ಬಣ್ಣ ಬದಲಾದ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತದೆ. ಆ ಬಾಣಲೆ ಮತ್ತೆ ಒಲೆಯ ಮೇಲೆ ಅಡುಗೆಗೆ ಬೇಡ.